ಅಣ್ಣು ಶೆಟ್ಟರು ಕೊಂಡ ಮೊಟ್ಟೆಗಳು

ಮೊದಲೇ ಹೇಳಿಬಿಡುತ್ತೇನೆ, ಅಣ್ಣು ಶೆಟ್ಟರ ಕೈಗೆ ಆ ಆಟವನ್ನು ಕೊಟ್ಟವಳು ನಾನೇ. ಈ ಬರಹದಲ್ಲಿ ನನ್ನ ಸಿಟ್ಟು ಎಲ್ಲಿಯಾದರೂ ಅಳತೆ ಮೀರಿದರೆ ಅದರಲ್ಲಿ ಒಂದು ಪಾಲು ನನ್ನ ಮೇಲಿನದ್ದೇ ಎಂದು ತಿಳಿಯಬೇಕು. ಉಳಿದ ಮೂರು ಪಾಲು ಯಾರ ಮೇಲಿನದ್ದೆಂದು ಓದುತ್ತಾ ಗೊತ್ತಾಗುತ್ತದೆ.

ನನ್ನ ಹೆಸರು ಸಬೀಹಾ. ಫಿಸಿಯೋಥೆರಪಿ ನನ್ನ ಕಸುಬು. ಬೆಳಿಗ್ಗೆ ಮೂಡುಬಿದಿರೆಯ ಒಂದು ಕ್ಲಿನಿಕ್ಕಿನಲ್ಲಿ ಕೆಲಸ, ಮಧ್ಯಾಹ್ನದ ಮೇಲೆ ಸ್ಕೂಟರಿನಲ್ಲಿ ಬೆಳುವಾಯಿಯಿಂದ ಸಿದ್ಧಕಟ್ಟೆಯವರೆಗೆ ಮನೆಮನೆಗೆ ಹೋಗಿ ಲಕ್ವ ಹೊಡೆದವರ ಕೈಕಾಲುಗಳಿಗೆ ಜೀವ ಬರಿಸುವ ಪ್ರಯತ್ನ. ನನ್ನನ್ನು ಹೆತ್ತ ಉಮ್ಮ ಬೀಯಮ್ಮ ಹೇಳುವಂತೆ ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುವುದು. ರೋಗಿಗಳನ್ನು ಬೈದೇ ಎಬ್ಬಿಸುತ್ತೇನೆ. ಅವರೂ ತಿರುಗಿ ಬೈಯುತ್ತಾರೆ, ಬೈಯುವಷ್ಟು ಉಸಿರು ಬಂದರೆ ಅರ್ಧ ಗುಣವಾದ ಹಾಗೆ.

ಅಣ್ಣು ಶೆಟ್ಟರಿಗೆ ಈಗ ಅರುವತ್ತೊಂದು. ಸಿದ್ಧಕಟ್ಟೆಯಲ್ಲಿ ಮನೆ. ಹೋದ ವರ್ಷ ದೀಪಾವಳಿ ಕಳೆದು ನಾಲ್ಕನೆಯ ದಿನ ಅವರ ಬಲಗೈ, ಬಲಗಾಲು ಒಟ್ಟಿಗೆ ಬಿದ್ದುಹೋದವು. ಮನೆಯೊಳಗೆ ನಡೆದಾಡುವಷ್ಟು ಕಾಲು ಬೇಗ ಎದ್ದಿತು. ಕೈ ಏಳಲಿಲ್ಲ. ಆ ಕೈಗೆ ಒಂದು ಕಾಲದಲ್ಲಿ ಬಂಟ್ವಾಳ, ಬೆಳ್ತಂಗಡಿ ಎರಡೂ ತಾಲೂಕುಗಳಲ್ಲಿ ಹೆಸರಿತ್ತು. ಕೋಳಿ ಅಂಕದಲ್ಲಿ, ಎಂದರೆ ಕೋಳಿ ಕಾಳಗದಲ್ಲಿ, ಹುಂಜದ ಕಾಲಿಗೆ ಕಟ್ಟುವ ಸಣ್ಣ ಕತ್ತಿಗೆ ಬಾಳು ಎನ್ನುತ್ತಾರೆ. ಅದನ್ನು ಕಟ್ಟುವುದು ಎಲ್ಲರಿಗೂ ಬರುವ ವಿದ್ಯೆಯಲ್ಲ. ನೂಲು ಒಂದು ಸುತ್ತು ಬಿಗಿಯಾದರೆ ಹುಂಜ ಕುಂಟುತ್ತದೆ, ಒಂದು ಸುತ್ತು ಸಡಿಲವಾದರೆ ಬಾಳು ತಿರುಗುತ್ತದೆ. ಶೆಟ್ಟರು ಕಟ್ಟಿದ ಬಾಳು ತಿರುಗಿದ್ದನ್ನು ಕಂಡವರಿಲ್ಲ ಎಂದು ಈಗಲೂ ಹೇಳುವವರಿದ್ದಾರೆ. ಎರಡು ಸಲ ಪೊಲೀಸರು ಹಿಡಿದಿದ್ದರು. ಒಮ್ಮೆ ಪೇಪರಿನಲ್ಲಿ ಫೋಟೋ ಸಹ ಬಂದಿತ್ತು, ಎರಡು ಹುಂಜಗಳ ನಡುವೆ ಶೆಟ್ಟರು ತಲೆ ತಗ್ಗಿಸಿ ನಿಂತದ್ದು.

ಕಟ್ಟುವುದರ ಜೊತೆಗೆ ಪಂಥವನ್ನೂ ಕಟ್ಟುತ್ತಿದ್ದರು, ಅದೇ ಕಷ್ಟವಾದದ್ದು. ಇಪ್ಪತ್ತೆರಡು ವರ್ಷಗಳ ಹಿಂದೆ ಒಂದು ಆದಿತ್ಯವಾರ ಹೆಂಡತಿ ಕಾಂತಿಯಕ್ಕನ ಚಿನ್ನದ ಸರವನ್ನು ಪಂಥಕ್ಕೆ ಇಟ್ಟು ಸೋತು ಬಂದರು. ಕಾಂತಿಯಕ್ಕ ಜಗಳ ಮಾಡಲಿಲ್ಲ. ಮೂರು ವರ್ಷದ ಮಗ ಶೋಧನನನ್ನು ಸೊಂಟಕ್ಕೇರಿಸಿ ಪೊಳಲಿಯ ತವರಿಗೆ ನಡೆದರು. ಎಂಟು ತಿಂಗಳು ಬರಲಿಲ್ಲ. ಕೊನೆಗೆ ಶೆಟ್ಟರು ಬೆಳುವಾಯಿಯಲ್ಲಿರುವ ಮನೆತನದ ದೈವದ ಚಾವಡಿಯಲ್ಲಿ, ಹಿರಿಯರ ಎದುರು, ‘ಇನ್ನು ನನ್ನ ಕೈ ಜೂಜಿಗೆ ಹೋಗುವುದಿಲ್ಲ’ ಎಂದು ಮಾತು ಕೊಟ್ಟರು. ಆ ಒಂದು ಮಾತಿನ ಮೇಲೆ ಕಾಂತಿಯಕ್ಕ ತಿರುಗಿ ಬಂದರು. ಸರ ಬರಲಿಲ್ಲ.

ಮಾತನ್ನು ಶೆಟ್ಟರು ಉಳಿಸಿಕೊಂಡರು. ಟೆಂಪೊ ಓಡಿಸಿದರು, ಮಗನನ್ನು ಓದಿಸಿದರು. ಅಂಕದ ಸುದ್ದಿ ಬಂದರೆ ಎದ್ದು ಹೋಗುತ್ತಿದ್ದರಂತೆ. ಮದುವೆಮನೆಯಲ್ಲಿ ಹುಡುಗರು ಇಸ್ಪೀಟು ಹಾಕಿದರೆ ಆ ಚಾಪೆಯನ್ನು ದಾಟುತ್ತಲೂ ಇರಲಿಲ್ಲ, ಸುತ್ತು ಬಳಸಿ ಹೋಗುತ್ತಿದ್ದರು. ಲಾಟರಿ ಚೀಟಿ, ಚಿಟ್‌ಫಂಡು ಎರಡನ್ನೂ ಒಂದೇ ಎಂದು ದೂರ ಇಟ್ಟಿದ್ದರು. ಇಪ್ಪತ್ತೆರಡು ವರ್ಷ ಇದು ಸಣ್ಣ ಮಾತಲ್ಲ. ನನ್ನ ಕೈಯಲ್ಲಿ ಇಪ್ಪತ್ತೆರಡು ದಿನ ಸಕ್ಕರೆ ಬಿಡಲಿಕ್ಕೆ ಆಗಿಲ್ಲ.

ಕೈಗೆ ಲಕ್ವ ಹೊಡೆದ ಮೇಲೆ ನಾನು ಅವರ ಮನೆಗೆ ಹೋಗತೊಡಗಿದೆ. ಬೆರಳುಗಳನ್ನು ಬಿಡಿಸಲು ರಬ್ಬರ್ ಚೆಂಡು ಕೊಟ್ಟೆ, ಅದು ಅಂಗಳ ದಾಟಿ ಹೋಯಿತು. ಬಟಾಣಿ ಹೆಕ್ಕಲು ಹೇಳಿದೆ.

‘ಡಾಕ್ಟ್ರೇ, ನಾನೆಂತ ಪಾರಿವಾಳವಾ?’ ಎಂದರು.

ನಾವು ಮಾತಾಡುತ್ತಿದ್ದದ್ದು ತುಳುವಿನಲ್ಲಿ, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಮೇಜಿನ ಮೇಲೆ ಶೋಧನ ಮಸ್ಕತ್ತಿನಿಂದ ಕಳಿಸಿದ ಹೊಸ ಫೋನ್ ಇತ್ತು. ಶೆಟ್ಟರು ಅದರಲ್ಲಿ ಮಗನೊಂದಿಗೆ ಮಾತಾಡುವುದು, ಕರೆಂಟು ಬಿಲ್ಲು ಕಟ್ಟುವುದು ಬಿಟ್ಟರೆ ಬೇರೇನೂ ಮಾಡುತ್ತಿರಲಿಲ್ಲ. ನಾನು ಹುಡುಕಿ ಒಂದು ಆಟ ಇಳಿಸಿಕೊಟ್ಟೆ. ಕೋಳಿ ಸಾಕುವ ಆಟ. ಮೂರು ವರ್ಷದ ಮಕ್ಕಳೂ ಆಡಬಹುದೆಂದು ಬರೆದಿತ್ತು, ಉಚಿತವೆಂದೂ ಬರೆದಿತ್ತು. ಬೆರಳಿನಿಂದ ಕಾಳು ಎರಚುವುದು, ಮೊಟ್ಟೆ ಹೆಕ್ಕುವುದು. ಬೆರಳಿಗೆ ಇದಕ್ಕಿಂತ ಒಳ್ಳೆಯ ವ್ಯಾಯಾಮ ಬೇರೆ ಇಲ್ಲವೆಂದು ನನ್ನ ಬುದ್ಧಿಗೆ ಅನಿಸಿತು. ದಿನಕ್ಕೆ ಅರ್ಧ ಗಂಟೆ, ಬಲಗೈಯಲ್ಲೇ, ಎಂದು ತಾಕೀತು ಮಾಡಿ ಹೊರಟೆ.

ಎರಡು ವಾರದಲ್ಲಿ ತೋರುಬೆರಳು ಸಡಿಲವಾಯಿತು. ನಾನು ಹಿಗ್ಗಿದೆ. ಶೆಟ್ಟರೂ ಹಿಗ್ಗಿದ್ದರು, ಆದರೆ ಬೆರಳಿಗಲ್ಲ. ಫೋನಿನ ಹುಂಜಗಳಿಗೆ ಊರಿನ ಹೆಸರು ಇಟ್ಟಿದ್ದರು. ಬಿಳಿಯದ್ದು ಬೊಳ್ಳೆ, ಹಳದಿಯದ್ದು ಮಂಜಲೆ, ಕೆಂಪಿನದ್ದು ಕೆಮ್ಮೈರೆ. ‘ಚಿತ್ರ ಬರೆದವನಿಗೆ ಕೋಳಿ ಗೊತ್ತುಂಟು ಡಾಕ್ಟ್ರೇ. ಬಾಲ ನೋಡಿ’ ಎನ್ನುತ್ತಿದ್ದರು. ಆ ಆಟದಲ್ಲಿ ಬಣ್ಣದ ಮೊಟ್ಟೆಗಳೂ ಇದ್ದವು. ಒಂದಕ್ಕೆ ಎಂಬತ್ತೊಂಬತ್ತು ರೂಪಾಯಿ. ಒಡೆದರೆ ಒಳಗಿಂದ ಯಾವ ಕೋಳಿ ಬೇಕಾದರೂ ಬರಬಹುದು. ಎಲ್ಲಕ್ಕಿಂತ ಮೇಲಿನದ್ದು ಬಂಗಾರದ ಹುಂಜ. ಮೊದಲ ಮೂರು ಮೊಟ್ಟೆ ಬಿಟ್ಟಿ, ಮೂರರಲ್ಲೂ ಒಳ್ಳೊಳ್ಳೆಯ ಹುಂಜಗಳು ಬಂದಿದ್ದವು.

ಇಲ್ಲಿ ಶೆಟ್ಟರು ಒಂದು ತಪ್ಪು ಮಾಡಿದರು. ಬೇರೆ ಊರಿನವರು ಮಾಡಲಿಕ್ಕೆ ಸಾಧ್ಯವೇ ಇಲ್ಲದ ತಪ್ಪು. ಅಂಕದವರ ಹತ್ತಿರ ಕೋಳಿಗಳದ್ದೇ ಒಂದು ಪಂಚಾಂಗ ಇರುತ್ತದೆ. ಯಾವ ವಾರ, ಯಾವ ನಕ್ಷತ್ರಕ್ಕೆ ಯಾವ ಬಣ್ಣದ ಹುಂಜ ಗೆಲ್ಲುತ್ತದೆ, ಯಾವ ದಿಕ್ಕಿನಿಂದ ಬಿಡಬೇಕು ಎಂದೆಲ್ಲ ಅದರಲ್ಲಿ ಇರುತ್ತದೆ. ಇಪ್ಪತ್ತೆರಡು ವರ್ಷ ಮುಟ್ಟದ ಆ ಪಂಚಾಂಗವನ್ನು ಶೆಟ್ಟರು ಅಟ್ಟದಿಂದ ಇಳಿಸಿದರು. ಇಂದು ರೋಹಿಣಿ, ಹಳದಿ ಮೊಟ್ಟೆ ಒಡೆಯಬೇಕು. ನಾಳೆ ಶುಕ್ರವಾರ, ಮಧ್ಯಾಹ್ನದ ಮೊದಲು ಕೆಂಪು. ಪೂರ್ವಕ್ಕೆ ಮುಖ ಮಾಡಿ ಕೂತು ಒಡೆಯುತ್ತಿದ್ದರು. ಜೂಜು ಎಂಬ ಯೋಚನೆಯೇ ಅವರಿಗೆ ಬರಲಿಲ್ಲ. ಜೂಜೆಂದರೆ ಎದುರಿಗೆ ಒಬ್ಬ ಬೇಕು, ಅವನ ಕೈಯಲ್ಲೂ ಒಂದು ಹುಂಜ ಬೇಕು. ಇದು ಅಂಗಡಿಯಿಂದ ಮೊಟ್ಟೆ ತಂದ ಹಾಗೆ. ಪಂಚಾಂಗ ನೋಡಿ ತಂದರೆ ಒಳ್ಳೆಯ ಮೊಟ್ಟೆ ಸಿಗುತ್ತದೆ, ಅಷ್ಟೆ. ನಾನು ಕಂಡೂ ನಗುತ್ತಿದ್ದೆ. ಪಾಪ, ಮುದುಕನಿಗೆ ಹೊತ್ತು ಹೋಗಲಿ ಎಂದುಕೊಂಡೆ. ಓದಿದವಳು ನಾನು, ಎಂಬತ್ತೊಂಬತ್ತು ರೂಪಾಯಿಯ ಮಾತು ಕಿವಿಗೆ ಬಿದ್ದಾಗ ಫೋನ್ ಕಸಿದುಕೊಳ್ಳಬೇಕಿತ್ತು.

ಐದು ತಿಂಗಳು ಕಳೆಯಿತು. ಶೆಟ್ಟರು ಬೇರೆ ಯಾವ ವ್ಯಾಯಾಮವನ್ನೂ ಮಾಡುತ್ತಿರಲಿಲ್ಲ. ಮಾತು ಕಡಿಮೆಯಾಗಿತ್ತು. ಬೈದರೆ ತಿರುಗಿ ಬೈಯುತ್ತಿರಲಿಲ್ಲ, ಅದೇ ನನಗೆ ಮೊದಲು ಹೊಳೆಯಬೇಕಿದ್ದ ಲಕ್ಷಣ.

ಒಂದು ಬುಧವಾರ ಹೋದಾಗ ಕಾಂತಿಯಕ್ಕ ಜಗಲಿಯಲ್ಲಿ ಕೂತಿದ್ದರು. ಮಡಿಲಲ್ಲಿ ಬ್ಯಾಂಕಿನ ಪಾಸ್‌ಬುಕ್. ಬಾಗಿಲ ಬಳಿ ಬಟ್ಟೆ ತುಂಬಿದ ಚೀಲ. ಮೂವತ್ತು ವರ್ಷ ಬೀಡಿ ಕಟ್ಟಿದ ಹೆಂಗಸು ಅವರು, ಆ ಕೆಲಸದ ಪಿ.ಎಫ್. ಹಣ ದೀಪಾವಳಿಯ ಹೊತ್ತಿಗೆ ಇಬ್ಬರ ಹೆಸರಿನ ಖಾತೆಗೆ ಬಂದಿತ್ತು. ಅದರಲ್ಲಿ ಒಂದು ಸರ ಮಾಡಿಸಬೇಕೆಂದು ಅವತ್ತು ಬ್ಯಾಂಕಿಗೆ ಹೋಗಿದ್ದರು. ಖಾತೆಯಲ್ಲಿ ತೊಂಬತ್ತೊಂದು ಸಾವಿರ ಕಡಿಮೆಯಿತ್ತು. ಒಂದೇ ಸರವನ್ನು ಆ ಹೆಂಗಸು ಎರಡನೆಯ ಸಲ ಕಳೆದುಕೊಂಡಿದ್ದರು.

‘ಪುನಃ ಅಂಕಕ್ಕೆ ಹೋದದ್ದು ಯಾವಾಗ ಅಂತ ಕೇಳು ಸಬೀಹಾ’ ಎಂದರು ಕಾಂತಿಯಕ್ಕ. ‘ನಾನು ಕೇಳಿದರೆ ಹೋಗಲೇ ಇಲ್ಲ ಅಂತಾರೆ.’

‘ಹೋಗಲಿಲ್ಲ’ ಎಂದರು ಶೆಟ್ಟರು ಒಳಗಿನಿಂದ. ‘ಈ ಕಾಲಲ್ಲಿ ಹೋಗುವುದಾದರೂ ಹೇಗೆ? ಜೂಜು ಆಡಲಿಲ್ಲ ನಾನು. ದೈವದ ಆಣೆಗೂ ಆಡಲಿಲ್ಲ. ಮೊಟ್ಟೆ ತೆಗೊಂಡೆ, ಅಷ್ಟೆ.’

‘ತೊಂಬತ್ತೊಂದು ಸಾವಿರದ ಮೊಟ್ಟೆಯಾ?’ ಎಂದರು ಕಾಂತಿಯಕ್ಕ.

‘ಅಷ್ಟಾಗಿದೆ ಅಂತ ನನಗೆ ಗೊತ್ತಿಲ್ಲ ಮಾರಾಯ್ತಿ. ಒಂದಕ್ಕೆ ಎಂಬತ್ತೊಂಬತ್ತು. ನಡುವೆ ಬುಟ್ಟಿ ತೆಗೊಂಡರೆ ಕಡಿಮೆಗೆ ಸಿಗ್ತದೆ ಅಂತ ಬರ್ತಿತ್ತು, ಬುಟ್ಟಿ ತೆಗೊಂಡೆ.’

ನಾನು ಒಳಗಿನಿಂದ ಫೋನ್ ತಂದೆ. ಆ ಆಟವನ್ನು ಮೊದಲ ಸಲ ಸರಿಯಾಗಿ ನೋಡಿದೆ. ಮೊಟ್ಟೆ ಒಡೆಯುವಾಗ ಸಂದಿನಲ್ಲಿ ಒಂದು ಬಂಗಾರದ ಗರಿ ಕಾಣಿಸುತ್ತದೆ, ಎದೆ ನಿಲ್ಲುತ್ತದೆ, ಮರುಕ್ಷಣ ಹೊರಬರುವುದು ಒಂದು ಬಡಕಲು ಹೇಂಟೆ. ‘ಇನ್ನೇನು ಸಿಕ್ಕಿತ್ತು, ಮತ್ತೊಮ್ಮೆ ನೋಡಿ’ ಎಂದು ಬರುತ್ತದೆ, ಒಳ್ಳೆಯ ಕನ್ನಡದಲ್ಲಿ. ದುಡ್ಡು ಕೇಳುವ ಮಾತೆಲ್ಲ ಕನ್ನಡದಲ್ಲಿ ಇತ್ತು. ಮೂಲೆಯ ಒಂದು ಚುಕ್ಕಿ ಒತ್ತಿದರೆ ಮಾತ್ರ, ಸಾಸಿವೆಯಷ್ಟು ಸಣ್ಣ ಇಂಗ್ಲಿಷ್ ಅಕ್ಷರಗಳಲ್ಲಿ ಬೇರೊಂದು ವಿಷಯ ಬರೆದಿತ್ತು. ಅದನ್ನು ಓದಿ ಹೇಳಿದೆ.

‘ಶೆಟ್ರೇ, ಸಾವಿರ ಮೊಟ್ಟೆ ಒಡೆದರೆ ಬಂಗಾರದ್ದು ಸಿಗುವುದು ಮೂರಂತೆ. ಯಾವ ಬಣ್ಣದ್ದಾದರೂ ಅಷ್ಟೆ. ಯಾವ ದಿವಸವಾದರೂ ಅಷ್ಟೆ.’

ಶೆಟ್ಟರು ಜಗಲಿಗೆ ಬಂದು ಫೋನಿನ ಮೇಲೆ ಬಗ್ಗಿದರು.

‘ಬಣ್ಣಕ್ಕೂ ಒಳಗಿನ ಹುಂಜಕ್ಕೂ ಸಂಬಂಧವೇ ಇಲ್ವಾ?’

‘ಇಲ್ಲ.’

‘ಹಾಗಾದರೆ ಬಣ್ಣ ಯಾಕೆ ಕೊಟ್ಟದ್ದು?’

ನನ್ನ ಬಾಯಿಗೆ ಬಂದದ್ದನ್ನು ಇಲ್ಲಿ ಬರೆಯುವ ಹಾಗಿಲ್ಲ.

‘ಅಂಕದಲ್ಲಿ ಪಂಥ ಕಟ್ಟುವ ಮೊದಲು ಎರಡೂ ಹುಂಜ ತೋರಿಸ್ತಾರೆ’ ಎಂದರು ಶೆಟ್ಟರು. ‘ಕೈಯಲ್ಲಿ ಎತ್ತಿ ತೂಕ ನೋಡಬಹುದು. ಸೋತ ಹುಂಜವನ್ನು ಎದುರಿನವ ತೆಗೊಂಡು ಹೋದರೂ ಯಾರ ಮನೆಗೆ ಹೋಯಿತು, ಯಾರು ಸಾರು ಮಾಡಿದರು ಅಂತ ಗೊತ್ತಿರ್ತದೆ. ಇದು ಬಾಳು ಕಟ್ಟುವವನೇ ದುಡ್ಡು ತಿಂದು ಸಡಿಲ ಕಟ್ಟಿದ ಹಾಗೆ.’ ಮತ್ತೆ ಕಾಂತಿಯಕ್ಕನ ಕಡೆ ನೋಡದೆ ಹೇಳಿದರು, ‘ಇದು ಜೂಜೇ. ನನ್ನ ಮಾತು ಹೋಯಿತು.’

ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನುತ್ತಾರೆ. ಇಲ್ಲಿ ಮಾನ ಹೋದದ್ದು ಚಿತ್ರದ ಮೊಟ್ಟೆಗೆ. ಕಾಂತಿಯಕ್ಕ ಅಂದು ಹೊರಡಲಿಲ್ಲ, ಬಸ್ಸು ತಪ್ಪಿತ್ತು. ಆದರೆ ಚೀಲವನ್ನು ಬಿಚ್ಚಲೂ ಇಲ್ಲ. ಅದು ಬಾಗಿಲ ಬಳಿಯೇ ಇತ್ತು. ಶೆಟ್ಟರಿಗೆ ಊಟ ಬಡಿಸುತ್ತಿದ್ದರು, ಮಾತು ಬಿಟ್ಟಿದ್ದರು.

ಮರುದಿನ ನಾನು ಶೆಟ್ಟರನ್ನು ರಿಕ್ಷಾದಲ್ಲಿ ಕೂರಿಸಿ ಠಾಣೆಗೆ ಕರೆದುಕೊಂಡು ಹೋದೆ. ಅಲ್ಲಿನ ಹೆಡ್ ಕಾನ್‌ಸ್ಟೇಬಲ್ ಒಳ್ಳೆಯ ಮನುಷ್ಯ, ಚಾ ತರಿಸಿದರು, ಪೂರ್ತಿ ಕೇಳಿದರು.

‘ಮೇಡಂ, ಮೋಸದ ಕರೆಯಾದರೆ ನಾವು ಕೂಡಲೇ ಬರ್ಕೊಳ್ತೇವೆ. ಇಲ್ಲಿ ಅವರೇ ಪಿನ್ ಒತ್ತಿದ್ದಾರೆ.’

‘ಜೂಜು ಅಂತ ಬರ್ಕೊಳ್ಳಿ. ದುಡ್ಡಿನ ರಮ್ಮಿ ಎಲ್ಲ ಮುಚ್ಚಿಸಿದ ಕಾನೂನು ಬಂದಿದೆ ಅಲ್ವಾ?’

‘ಬಂದಿದೆ. ಆದರೆ ಈ ಆಟದಲ್ಲಿ ದುಡ್ಡು ಗೆಲ್ಲಲಿಕ್ಕೆ ಉಂಟಾ?’

‘ಇಲ್ಲ.’

‘ಹಾಗಾದರೆ ಅದು ಜೂಜಿನ ಲೆಕ್ಕಕ್ಕೆ ಬರುವುದು ಕಷ್ಟ. ಮನರಂಜನೆ ಅಂತಾರೆ.’

ನನಗೆ ತಲೆ ಕೆಟ್ಟಿತು. ಹತ್ತು ಸಲ ಸೋತು ಒಂದು ಸಲವಾದರೂ ದುಡ್ಡು ಕಾಣುವ ಆಟ ಜೂಜಂತೆ, ಬಾಗಿಲು ಹಾಕಬೇಕಂತೆ. ಎಷ್ಟು ಸುರಿದರೂ ಒಂದು ಪೈಸೆ ತಿರುಗಿ ಬಾರದ ಆಟ ಮನರಂಜನೆಯಂತೆ, ಮೂರು ವರ್ಷದ ಮಗುವೂ ಆಡಬಹುದಂತೆ. ಗುಡ್ಡದಲ್ಲಿ ನಾಲ್ಕು ಹುಂಜ ಬಿಟ್ಟರೆ ಜೀಪು ಬರುತ್ತದೆ. ಕೋಟಿ ಜನರ ಅಂಗೈಯಲ್ಲಿ ಹುಂಜ ಬಿಟ್ಟವರನ್ನು ಕೇಳುವವರಿಲ್ಲ. ಇದೆಂಥ ನ್ಯಾಯ ಎಂದು ಆ ಪುಣ್ಯಾತ್ಮನ ಮೇಲೆಯೇ ಹಾರಿದೆ. ಅವರು ಚಾದ ಲೋಟ ಕೆಳಗಿಟ್ಟರು.

‘ನೀವು ಹೇಳುವುದು ಸರಿ ಮೇಡಂ. ನನ್ನ ಮನೆಯಲ್ಲೂ ಮಗಳು ಹೀಗೆಯೇ ಏನೋ ತೆಗೊಳ್ತಾಳೆ. ಕಾನೂನು ಬರೆಯುವವರು ನಾವಲ್ಲ.’

ಶೆಟ್ಟರು ಅಲ್ಲಿ ಒಂದೇ ಮಾತು ಆಡಿದರು. ‘ಗೆಲ್ಲಲಿಕ್ಕೇ ಇಲ್ಲದ ಪಂಥಕ್ಕೆ ಹಿಂದೆ ನಾನು ಒಂದು ಸಲವೂ ಕೂತವನಲ್ಲ’ ಎಂದರು.

ಕಂಪೆನಿಗೂ ಬರೆದೆ. ಲಕ್ವ ಹೊಡೆದ ಮನುಷ್ಯ, ಇಂಗ್ಲಿಷ್ ಬಾರದವರು, ನಿಮ್ಮ ಆಟಕ್ಕೆ ಒಂದು ಮಿತಿ ಇಲ್ಲವೇ, ಒಬ್ಬರು ಒಂದೇ ದಿನ ನಲವತ್ತು ಮೊಟ್ಟೆ ಕೊಂಡಾಗ ಸಾಕು ಎನ್ನುವ ಗಂಟೆ ನಿಮ್ಮಲ್ಲಿ ಬಾರಿಸುವುದಿಲ್ಲವೇ ಎಂದು ಎರಡು ಪುಟ ಬರೆದೆ. ನಾಲ್ಕು ನಿಮಿಷದಲ್ಲಿ ಉತ್ತರ ಬಂತು. ‘ಪ್ರಿಯ ಆಟಗಾರರೇ, ಒಡೆದ ಮೊಟ್ಟೆಗಳಿಗೆ ಹಣ ಹಿಂದಿರುಗಿಸಲಾಗುವುದಿಲ್ಲ. ನಿಮ್ಮ ಅನುಭವಕ್ಕೆ ಐದರಲ್ಲಿ ಎಷ್ಟು ನಕ್ಷತ್ರ ಕೊಡುತ್ತೀರಿ?’ ಎಂದಿತ್ತು. ಮತ್ತೆರಡು ಸಲ ಬರೆದೆ, ಅದೇ ಉತ್ತರ. ನುಂಗಿ ನೀರು ಕುಡಿದವರು ಬಾಯಿ ಒರೆಸಿಕೊಳ್ಳುವ ಕಷ್ಟವನ್ನೂ ಪಡಲಿಲ್ಲ.

ಮಸ್ಕತ್ತಿನಿಂದ ಶೋಧನ ಫೋನ್ ಮಾಡಿ, ಹಣ ತಾನು ಕಳಿಸುತ್ತೇನೆ, ಸರ ತಾನು ಮಾಡಿಸುತ್ತೇನೆ, ಅಮ್ಮ ಈ ವಿಷಯ ಬಿಡಲಿ ಎಂದ. ಕಾಂತಿಯಕ್ಕ ಕೇಳಿಸಿಕೊಂಡು, ‘ಹಣಕ್ಕೆ ನಾನು ತಿರುಗಿ ಬಂದದ್ದಲ್ಲ ಮಗಾ’ ಎಂದು ಫೋನ್ ಇಟ್ಟರು.

ಸಂಕ್ರಮಣದ ದಿನ ಶೆಟ್ಟರು ಬೆಳುವಾಯಿಯ ಚಾವಡಿಗೆ ಹೋಗಿ ತಪ್ಪುಕಾಣಿಕೆ ಇಡುತ್ತೇನೆಂದರು. ದೈವಕ್ಕೆ ಕೊಟ್ಟ ಮಾತು ತಪ್ಪಿದರೆ ತಪ್ಪನ್ನು ಎಲ್ಲರ ಎದುರು ಹೇಳಿ ಕಾಣಿಕೆ ಇಡುವುದು ಕ್ರಮ. ಒಬ್ಬರೇ ಹೋಗಲು ಆಗುವುದಿಲ್ಲವಲ್ಲ, ನಾನು ಜೊತೆಗೆ ಹೊರಟೆ. ಕಾಂತಿಯಕ್ಕನೂ ಬಂದರು, ಬಟ್ಟೆಯ ಚೀಲ ಸಮೇತ. ಅಲ್ಲಿಂದ ನೇರ ಪೊಳಲಿಗೆ ಎಂದು ನನಗೆ ಅರ್ಥವಾಯಿತು.

ಚಾವಡಿಯಲ್ಲಿ ಹತ್ತು ಹನ್ನೆರಡು ಜನ ಮನೆತನದವರು ಇದ್ದರು. ನಾನು ಅಂಗಳದಲ್ಲಿ ನಿಂತಿದ್ದೆ, ಯಜಮಾನರು ಜಗಲಿಗೆ ಕರೆದು ಕೂರಿಸಿದರು. ಎಂಬತ್ತು ದಾಟಿದ ಮನುಷ್ಯ. ಆ ಮನೆತನದಲ್ಲಿ ಹಳೆಯ ಒಂದು ಕ್ರಮ ಉಂಟಂತೆ. ಜೂಜಿನ ತಪ್ಪು ಒಪ್ಪುವಾಗ ಎರಡು ಮಣೆ ಹಾಕುತ್ತಾರೆ. ಒಂದು ಸೋತವನಿಗೆ, ಇನ್ನೊಂದು ಗೆದ್ದವನಿಗೆ. ಮಾತು ಕೊಟ್ಟವನನ್ನು ಪಂಥಕ್ಕೆ ಎಳೆದವನದ್ದೂ ತಪ್ಪೇ, ಅವನೂ ಬಂದು ಕೂತು ಕಾಣಿಕೆ ಇಡಬೇಕು. ಇಬ್ಬರೂ ಕೂತ ಹೊರತು ತಪ್ಪು ತೀರುವುದಿಲ್ಲ.

ಶೆಟ್ಟರು ಕಷ್ಟಪಟ್ಟು ಮಣೆಯಲ್ಲಿ ಕೂತರು. ಎಲ್ಲ ಹೇಳಿದರು, ಪಂಚಾಂಗ ಇಳಿಸಿದ್ದನ್ನೂ ಬಿಡಲಿಲ್ಲ.

‘ಗೊತ್ತಿಲ್ಲದೆ ಆದದ್ದಲ್ವಾ’ ಎಂದರು ಯಜಮಾನರು.

‘ಡಾಕ್ಟ್ರು ಹಾಗೆ ಹೇಳ್ತಾರೆ. ಪೂರ್ತಿ ಗೊತ್ತಿಲ್ಲದೆ ಅಲ್ಲ. ಮೊಟ್ಟೆ ಒಡೆಯುವಾಗ ಎದೆ ಬಡಿದುಕೊಳ್ತಿತ್ತು. ಅದು ನನಗೆ ಗುರುತಿನ ಬಡಿತ. ಗುರುತು ಸಿಕ್ಕಿಯೂ ಸುಮ್ಮನಾದೆ.’

ಕಾಂತಿಯಕ್ಕ ಮೊದಲ ಸಲ ತಲೆ ಎತ್ತಿ ಗಂಡನನ್ನು ನೋಡಿದರು.

‘ಎದುರಿನವ ಯಾರು?’ ಯಜಮಾನರು ಖಾಲಿ ಮಣೆಯ ಕಡೆ ಕೈ ತೋರಿಸಿದರು. ‘ಹೇಳಿ ಕಳಿಸುವ. ಹೆಸರು ಹೇಳು.’

‘ಗೊತ್ತಿಲ್ಲ.’

‘ಊರು?’

‘ಗೊತ್ತಿಲ್ಲ.’

‘ನೋಡಿದವರು ಯಾರಾದರೂ ಇದ್ದಾರಾ?’

ಯಾರೂ ಇರಲಿಲ್ಲ. ನನ್ನ ಫೋನಿನಲ್ಲಿ ಕಂಪೆನಿಯ ಆ ನಕ್ಷತ್ರದ ಉತ್ತರ ಇತ್ತು, ಅದನ್ನು ಮಣೆಯ ಮೇಲೆ ಇಡಲೇ ಎಂದು ಒಂದು ಗಳಿಗೆ ಅನಿಸಿತು. ಯಜಮಾನರು ಎದುರಿನವನಿಲ್ಲದೆ ತಪ್ಪು ತೀರಿಸುವುದು ಹೇಗೆಂದು ಉಳಿದವರೊಂದಿಗೆ ಮೆಲ್ಲಗೆ ಮಾತಾಡಿದರು. ಇಂಥದ್ದು ಹಿಂದೆ ಬಂದಿಲ್ಲ, ಕ್ರಮ ಮುರಿಯುವ ಹಾಗಿಲ್ಲ, ಅವನು ಸಿಗುವವರೆಗೆ ಇದು ಹೀಗೆಯೇ ನಿಲ್ಲಬೇಕು ಎಂದರು. ಅವನು ಸಿಗುವುದೆಂದರೆ ಯಾವಾಗ? ಶೆಟ್ಟರು ಮಣೆಯಿಂದ ಏಳಲಿಲ್ಲ. ಅವರ ಕಣ್ಣಿನಿಂದ ನೀರು ಇಳಿಯುತ್ತಿತ್ತು, ಒರೆಸಲು ಬಲಗೈ ಎತ್ತಲು ಹೋಗಿ ಎಡಗೈ ಎತ್ತಿದರು.

ಆಗ ಕಾಂತಿಯಕ್ಕ ಚೀಲವನ್ನು ಕಂಬಕ್ಕೆ ಒರಗಿಸಿ ಎದ್ದರು. ನೇರ ಹೋಗಿ ಆ ಖಾಲಿ ಮಣೆಯಲ್ಲಿ ಕೂತರು.

‘ನೀನು ಅಲ್ಲಿ ಕೂರುವ ಹಾಗಿಲ್ಲ ಕಾಂತಿ’ ಎಂದರು ಯಜಮಾನರು. ‘ಅದು ತಪ್ಪು ಮಾಡಿಸಿದವನ ಜಾಗ.’

‘ಗೊತ್ತುಂಟು’ ಎಂದರು ಕಾಂತಿಯಕ್ಕ. ‘ಆ ಆಟದವರು ಬರುವುದಿಲ್ಲ. ಇವರು ಎಷ್ಟು ಹೊತ್ತು ಹೀಗೆ ಕೂರುವುದು? ಅವರ ಕಾಣಿಕೆಯನ್ನು ನಾನು ಇಡ್ತೇನೆ.’

ಸೆರಗಿನ ಗಂಟು ಬಿಚ್ಚಿ, ಪೊಳಲಿಯ ಬಸ್ಸಿಗೆಂದು ಇಟ್ಟುಕೊಂಡಿದ್ದ ನೋಟನ್ನು ತೆಗೆದು ಕಾಣಿಕೆಯ ಹರಿವಾಣಕ್ಕೆ ಹಾಕಿದರು.